ಪುಟ್ಟ ಕಾರು, ಹಳೆಯ ಬೆಟ್ಟ

(ಬಳಗದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂದಿನ ಉಪನ್ಯಾಸದ ವಿಷಯ ಮೇಲ್ನೋಟಕ್ಕೆ ಹಗುರವಾದದ್ದು. ಗಂಡ ಹೆಂಡತಿ ಇಬ್ಬರು ಒಂದು ಪುಟ್ಟ ಕಾರಿನಲ್ಲಿ ಬೆಟ್ಟದ ಸೀಮೆಗೆ ಹೋಗಿಬರುವ ಸಂಗತಿ ಅದು. ಹೋರಾಟ, ಮನವಿ, ಮೊಕದ್ದಮೆಗಳ ಮಾತೇ ಹೆಚ್ಚಾಗಿ ಕೇಳಿಬರುವ ಇಂಥ ಸಭೆಯಲ್ಲಿ ಪ್ರವಾಸದ ಮಾತೇಕೆ ಎಂದು ಯಾರಾದರೂ ಕೇಳಬಹುದು. ಕಾರಣವಿದೆ. ಬೆಟ್ಟಗಳ ಮೇಲೆ ಬೀಳುತ್ತಿರುವ ಒತ್ತಡದ ಒಂದು ದೊಡ್ಡ ಪಾಲು ಗಣಿಯ ಗುತ್ತಿಗೆದಾರರಿಂದಲೋ ಅಣೆಕಟ್ಟೆಯ ಎಂಜಿನಿಯರರಿಂದಲೋ ಬರುತ್ತಿಲ್ಲ. ಬೆಟ್ಟವನ್ನು ಪ್ರೀತಿಸಿ ನೋಡಲು ಬರುವ ಸಜ್ಜನರಿಂದಲೇ ಬರುತ್ತಿದೆ. ಪ್ರೀತಿಯಿಂದ ಆಗುವ ಹಾನಿಯನ್ನು ತಡೆಯುವುದು ದ್ವೇಷದಿಂದ ಆಗುವ ಹಾನಿಯನ್ನು ತಡೆಯುವುದಕ್ಕಿಂತ ಕಷ್ಟ.

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದಾಗ ಮಧ್ಯಮ ವರ್ಗದ ಮನೆಗಳಲ್ಲಿ ಒಂದು ಹೊಸ ಆಸೆ ಹುಟ್ಟಿತು. ಅಲ್ಲಿಯತನಕ ಬೆಟ್ಟವೆಂದರೆ ಜಾತ್ರೆಗೆ ಹೋಗುವ ತಾಣ. ಬಸ್ಸು ಇಳಿದು, ಬುತ್ತಿ ಹೊತ್ತು, ಮೆಟ್ಟಿಲೇರಿ ದೇವರಿಗೆ ಕೈಮುಗಿದು ಬರುವ ಕ್ರಮವಿತ್ತು. ಸ್ವಂತ ಕಾರು ಬಂದ ಮೇಲೆ ಬಸ್ಸಿನ ವೇಳೆಗೆ ಕಾಯಬೇಕಿಲ್ಲ, ಊರ ಜನರೊಡನೆ ಕೂಡಿ ಹೋಗಬೇಕಿಲ್ಲ. ಆ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಆಸೆ ನಿಲ್ಲಲಿಲ್ಲ. ಇಂದು ಬೆಂಗಳೂರಿನ ದಂಪತಿಗಳು ಸಣ್ಣ ಕಾರಿನಲ್ಲೇ ಲಡಾಖಿನ ಎತ್ತರದ ಕಣಿವೆಗಳನ್ನು ದಾಟಿ ಬರುತ್ತಾರೆ. ಅಷ್ಟು ರಜೆ ಇಲ್ಲದವರು ಶನಿವಾರ ನಸುಕಿನಲ್ಲೆದ್ದು ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರಗಳ ಬೆಟ್ಟಗಳನ್ನು ಸುತ್ತಿ ರಾತ್ರಿಗೆ ಮನೆ ಸೇರುತ್ತಾರೆ. ಇಲ್ಲಿ ಹೇಳಹೊರಟಿರುವ ಜೋಡಿ ಯಾವುದೋ ಒಂದು ಜೋಡಿಯಲ್ಲ. ಪ್ರತಿ ವಾರ ಆ ದಾರಿ ಹಿಡಿಯುವ ಸಾವಿರಾರು ಜೋಡಿಗಳ ಪ್ರತಿನಿಧಿ.

ಹಿಮಾಲಯಕ್ಕಿಂತ ಹಳೆಯದು

ಲಡಾಖಿಗೆ ಹೋಗಿ ಬಂದವರು ಈ ನಾಲ್ಕು ತಾಲ್ಲೂಕುಗಳ ಗುಡ್ಡಗಳನ್ನು ಕಂಡು ಇವೂ ಬೆಟ್ಟವೇ ಎಂದು ನಗುವುದುಂಟು. ಎತ್ತರದ ಲೆಕ್ಕದಲ್ಲಿ ಅವರ ನಗೆ ನ್ಯಾಯವೇ. ಸಾವನದುರ್ಗದ ಎತ್ತರ ಸಮುದ್ರಮಟ್ಟದಿಂದ 1226 ಮೀಟರ್ ಮಾತ್ರ. ವಯಸ್ಸಿನ ಲೆಕ್ಕಕ್ಕೆ ಬಂದರೆ ನಗೆ ತಿರುಗಿ ಬೀಳುತ್ತದೆ. ಭಾರತದ ಭೂಖಂಡ ಏಷ್ಯಾಕ್ಕೆ ತಾಗಿ ಹಿಮಾಲಯ ಏಳತೊಡಗಿದ್ದು ಸುಮಾರು 5 ಕೋಟಿ ವರ್ಷಗಳ ಹಿಂದೆ. ರಾಮನಗರದ ಬಂಡೆ ಭೂಗರ್ಭದಲ್ಲಿ ಕರಗಿದ ಶಿಲಾರಸವಾಗಿ ಮೇಲೆದ್ದು ಹೆಪ್ಪುಗಟ್ಟಿದ್ದು ಸುಮಾರು 250 ಕೋಟಿ ವರ್ಷಗಳ ಹಿಂದೆ. ಹಿಮಾಲಯದ ಐವತ್ತು ಪಟ್ಟು ವಯಸ್ಸು.

ಈ ಶಿಲೆಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರಿಟ್ಟಿದ್ದಾರೆ. ದಕ್ಷಿಣದ ಕಬ್ಬಾಳದುರ್ಗದ ಕಡೆಯಿಂದ ಹೊರಟು ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಕರ್ನಾಟಕದ ಬೆನ್ನೆಲುಬಿನಂತೆ ಹಬ್ಬಿರುವ ಶಿಲಾಪಟ್ಟಿ ಇದು. ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದ್ ಎನಿಸಿದ್ದ ಊರು ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸನ ಹೆಸರಿನಿಂದ ಕ್ಲೋಸ್‌ಪೇಟೆಯಾಯಿತು, ಬಳಿಕ ರಾಮನಗರವಾಯಿತು. 2007ರಲ್ಲಿ ಜಿಲ್ಲಾ ಕೇಂದ್ರವಾಯಿತು. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದು ಬದಲಾಯಿತು. ಕಲ್ಲಿಗೆ ಮಾತ್ರ ಹಳೆಯ ಹೆಸರೇ ಉಳಿದಿದೆ.

ಹೊಸ ಹೆಸರಿನಲ್ಲಿ ಒಂದು ಸೂಚನೆಯಿದೆ. ಬೆಂಗಳೂರು ತನ್ನ ದಕ್ಷಿಣದ ಬೆಟ್ಟಗಳನ್ನು ತನ್ನ ಹಿತ್ತಿಲೆಂದು ಭಾವಿಸತೊಡಗಿದೆ. ಹಿತ್ತಿಲಲ್ಲಿ ಮನೆಯವರು ತರಕಾರಿಯನ್ನೂ ಬೆಳೆಯುತ್ತಾರೆ, ಕಸವನ್ನೂ ಎಸೆಯುತ್ತಾರೆ. ಈ ಹಿತ್ತಿಲು ಯಾವುದಾಗಬೇಕು ಎಂಬುದೇ ಇಲ್ಲಿನ ಪ್ರಶ್ನೆ.

ಮಾಗಡಿಯ ದಾರಿ

ಮಾಗಡಿ ರಸ್ತೆ ಹಿಡಿದ ಕಾರು ನಗರದ ಗದ್ದಲ ದಾಟಿದ ಮೇಲೆ ಸಿಗುವ ಮೊದಲ ಪಾಠ ತಿಪ್ಪಗೊಂಡನಹಳ್ಳಿ. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿಗೂ ಶಿವಗಂಗೆಯಲ್ಲಿ ಹುಟ್ಟಿದ ಕುಮುದ್ವತಿಗೂ ಸಂಗಮವಾಗುವ ಈ ಜಾಗದಲ್ಲಿ 1933ರಲ್ಲಿ ಜಲಾಶಯ ಕಟ್ಟಿ ಬೆಂಗಳೂರಿಗೆ ಕುಡಿಯುವ ನೀರು ಒಯ್ದರು. ಎರಡೂ ಹೊಳೆಗಳ ಜಲಾನಯನದಲ್ಲಿ ಕೆರೆಗಳು ಒತ್ತುವರಿಯಾದವು, ಕೊಳವೆಬಾವಿಗಳು ಆಳಕ್ಕಿಳಿದವು, ಬಡಾವಣೆಗಳೂ ಕಾರ್ಖಾನೆಗಳೂ ಎದ್ದವು. ಹೊಳೆ ಬರುವುದು ಕಡಿಮೆಯಾಯಿತು, ಬಂದ ನೀರು ಕೆಟ್ಟಿತು. ನಗರ ದೂರದ ಕಾವೇರಿಯತ್ತ ಮುಖ ಮಾಡಿತು. ಹತ್ತಿರದ ಹೊಳೆಯನ್ನು ಕಾಪಾಡಿಕೊಳ್ಳದ ನಗರ ದೂರದ ಹೊಳೆಯನ್ನು ತರುವುದಕ್ಕೆ ಎಷ್ಟು ಬೆಲೆ ತೆರುತ್ತದೆಂಬುದನ್ನು ಮುಂದೆ ಕನಕಪುರದ ದಾರಿಯಲ್ಲಿ ನೋಡಬಹುದು.

ಅಲ್ಲಿಂದ ಮುಂದೆ ಸಾವನದುರ್ಗ. ಏಷ್ಯಾದ ಅತಿದೊಡ್ಡ ಏಕಶಿಲಾ ಬೆಟ್ಟಗಳ ಸಾಲಿನಲ್ಲಿ ಹೆಸರಾದದ್ದು. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ನೆತ್ತಿ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಈ ದುರ್ಗವನ್ನು ಟಿಪ್ಪುವಿನ ಕೈಯಿಂದ ಕಿತ್ತುಕೊಂಡಿತು. ಇತಿಹಾಸದ ಪುಸ್ತಕ ಅಲ್ಲಿಗೆ ನಿಲ್ಲುತ್ತದೆ. ಬಂಡೆಯ ಸೆರಗಿನ ಕುರುಚಲು ಕಾಡಿನಲ್ಲಿ ಇನ್ನೊಂದು ಬದುಕು ನಡೆದಿದೆ. ಹಳದಿ ಕೊರಳಿನ ಪಿಕಳಾರವೆಂಬ ಹಕ್ಕಿ ದಖ್ಖನ್ನಿನ ಇಂಥ ಕಲ್ಲುಗುಡ್ಡಗಳ ಕುರುಚಲನ್ನು ಬಿಟ್ಟರೆ ಬೇರೆಲ್ಲೂ ಇಲ್ಲ. ಬಂಡೆಗಳ ಸಂದಿನ ಗುಹೆಗಳಲ್ಲಿ ಕರಡಿಗಳ ವಾಸ. ಕುರುಚಲು ಕಾಡನ್ನು ಪಾಳುಭೂಮಿ ಎಂದು ಕರೆಯುವುದು ಕಂದಾಯ ದಾಖಲೆಯ ಹಳೆಯ ಅಭ್ಯಾಸ. ದಟ್ಟ ಹಸಿರನ್ನೇ ಕಾಡೆಂದು ತಿಳಿದ ಪ್ರವಾಸಿಗೂ ಅದು ಪಾಳಾಗಿಯೇ ಕಾಣುತ್ತದೆ. ಕಾರನ್ನು ರಸ್ತೆ ಬಿಟ್ಟು ಪೊದೆಯ ಮೇಲೆ ಹತ್ತಿಸಿ ನಿಲ್ಲಿಸುವವನಿಗೆ ತಾನೊಂದು ಗೂಡಿನ ಬಾಗಿಲಲ್ಲಿ ನಿಂತಿರಬಹುದೆಂಬ ಅರಿವಿರುವುದಿಲ್ಲ.

ಇನ್ನೊಂದು ದಂಪತಿಯ ರಸ್ತೆ

ಮಾಗಡಿ ತಾಲ್ಲೂಕಿನಲ್ಲೇ ಒಂದು ರಸ್ತೆಯಿದೆ. ಹುಲಿಕಲ್ಲಿನಿಂದ ಕುದೂರಿಗೆ ಸುಮಾರು 4 ಕಿಲೋಮೀಟರ್. ಪ್ರವಾಸಿಗರ ಪಟ್ಟಿಯಲ್ಲಿ ಬೆಟ್ಟಗಳಿಗಿರುವ ಸ್ಥಾನ ಈ ರಸ್ತೆಗಿಲ್ಲ. ಆದರೆ ದಂಪತಿಗಳ ದಾರಿಪಯಣದ ಮಾತು ಬಂದಾಗ ಕರ್ನಾಟಕದಲ್ಲಿ ಮೊದಲು ನೆನೆಯಬೇಕಾದದ್ದು ಇದನ್ನೇ. ಇಲ್ಲಿ ಒಂದು ದಂಪತಿ ಪ್ರತಿದಿನ ಅದೇ 4 ಕಿಲೋಮೀಟರ್ ದಾರಿಯನ್ನು ಕೊಡ ಹೊತ್ತು ನಡೆದರು. ಅವರು ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ.

ತಿಮ್ಮಕ್ಕನವರು ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ, ಹುಲಿಕಲ್ಲಿಗೆ ಸೊಸೆಯಾಗಿ ಬಂದವರು. ಶಾಲೆಯ ಮುಖ ಕಂಡವರಲ್ಲ. ಕಲ್ಲುಗಣಿಯಲ್ಲಿ ಕೂಲಿ ಮಾಡಿದವರು. ಬೆಟ್ಟ ಒಡೆಯುವ ಕೆಲಸದ ಕೂಲಿಯಲ್ಲಿ ಬದುಕಿದ ಕೈಗಳೇ ಆ ಸೀಮೆಯ ಅತಿದೊಡ್ಡ ನೆರಳನ್ನು ಬೆಳೆಸಿದವು. ಮಕ್ಕಳಾಗಲಿಲ್ಲವೆಂಬ ಕೊರಗು ಆ ಕಾಲದ ಹಳ್ಳಿಯಲ್ಲಿ ಹೆಣ್ಣೊಬ್ಬಳಿಗೆ ಎಂಥ ಹೊರೆಯಾಗಿದ್ದಿತೆಂಬುದನ್ನು ವಿವರಿಸಬೇಕಿಲ್ಲ. ಆ ಹೊರೆಯನ್ನು ಗಂಡ ಹೆಂಡತಿ ಸಮನಾಗಿ ಹೊತ್ತರು. ಮೊದಲ ವರ್ಷ 10 ಆಲದ ಸಸಿ, ಎರಡನೆಯ ವರ್ಷ 15, ಮೂರನೆಯ ವರ್ಷ 20. ಮಳೆಗಾಲ ನೋಡಿ ನೆಟ್ಟರು. ದನಕರು ಬಾಯಿ ಹಾಕದಂತೆ ಮುಳ್ಳಿನ ಬೇಲಿ ಕಟ್ಟಿದರು. ಬೇಸಿಗೆಯಲ್ಲಿ ನೀರು ಹೊತ್ತು ಹಾಕಿದರು. ಹೀಗೆ ಬೆಳೆದ ಆಲದ ಮರಗಳ ಸಂಖ್ಯೆ 385 ಎಂದು ಹೇಳಲಾಗುತ್ತದೆ.

ಇಂದು ಮರ ನೆಡುವ ಸಮಾರಂಭಗಳಿಗೆ ಕೊರತೆಯಿಲ್ಲ. ಸಸಿ ನೆಟ್ಟ ದಿನದ ಛಾಯಾಚಿತ್ರಗಳಿಗೂ ಕೊರತೆಯಿಲ್ಲ. ಆ ದಂಪತಿಯ ಕೆಲಸದಲ್ಲಿ ಗಮನಿಸಬೇಕಾದದ್ದು ನೆಟ್ಟ ದಿನವನ್ನಲ್ಲ, ನೆಟ್ಟ ಮೇಲಿನ ಬೇಸಿಗೆಗಳನ್ನು. ಮೊದಲ ವರ್ಷ ಸಾವಿರ ನೆಡಲಿಲ್ಲ, ಹತ್ತೇ ನೆಟ್ಟರು. ಎರಡು ಜೋಡಿ ಕೈ, ನಾಲ್ಕು ಕೊಡ ನೀರು ಎಷ್ಟು ಗಿಡಗಳನ್ನು ಉಳಿಸಬಲ್ಲವೋ ಅಷ್ಟು. ಮರುವರ್ಷ ಶಕ್ತಿ ನೋಡಿಕೊಂಡು ಐದು ಹೆಚ್ಚು. ಯಾವ ಇಲಾಖೆಯ ಯೋಜನಾ ವರದಿಯಲ್ಲೂ ಇಷ್ಟು ಪ್ರಾಮಾಣಿಕವಾದ ಲೆಕ್ಕಾಚಾರ ಸಿಗುವುದು ಅಪರೂಪ.

ಚಿಕ್ಕಯ್ಯನವರು 1991ರಲ್ಲಿ ತೀರಿಕೊಂಡರು. ತಿಮ್ಮಕ್ಕನವರಿಗೆ 1995ರಲ್ಲಿ ರಾಷ್ಟ್ರೀಯ ನಾಗರಿಕ ಪ್ರಶಸ್ತಿ, 2019ರಲ್ಲಿ ಪದ್ಮಶ್ರೀ ಬಂದವು. ಅದೇ 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ವಿಸ್ತರಣೆಯ ಕಾಮಗಾರಿ ಆ ಸಾಲುಮರಗಳ ಬುಡಕ್ಕೇ ಬಂದು ನಿಂತಿತು. ಪದ್ಮಶ್ರೀ ಪಡೆದ ವೃದ್ಧೆ ತಾನು ಸಾಕಿದ ಮರಗಳನ್ನು ಕಡಿಯಬೇಡಿರೆಂದು ಮುಖ್ಯಮಂತ್ರಿಗಳ ಬಳಿ ಬೇಡಬೇಕಾಯಿತು. ಅಂದಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರು ಮರಗಳಿಗೆ ಧಕ್ಕೆಯಾಗದಂತೆ ಸೂಚಿಸಿದರು. ಮರಗಳು ಉಳಿದವು. 2025ರ ನವೆಂಬರ್ 14ರಂದು ತಿಮ್ಮಕ್ಕನವರು 114ನೆಯ ವಯಸ್ಸಿನಲ್ಲಿ ನಿಧನರಾದರು. ಇನ್ನು ಮುಂದೆ ಆ ಮರಗಳ ಪರವಾಗಿ ಮುಖ್ಯಮಂತ್ರಿಗಳ ಬಾಗಿಲಿಗೆ ಹೋಗಲು ಅವರಿಲ್ಲ. ಈ ಸಭೆ ಗಂಭೀರವಾಗಿ ಯೋಚಿಸಬೇಕಾದ ಸಂಗತಿ ಇದು. ಹೆಸರಾಂತ ಕೈಗಳು ನೆಟ್ಟ ಮರಗಳಿಗೇ ಹೀಗಾದರೆ, ಹೆಸರಿಲ್ಲದ ಕೈಗಳು ನೆಟ್ಟ ಸಾಲುಮರಗಳ ಗತಿಯೇನು?

ಇಲ್ಲಿ ಪುಟ್ಟ ಕಾರಿನ ಮಾತು ಮತ್ತೆ ಬರುತ್ತದೆ. ರಸ್ತೆ ವಿಸ್ತರಣೆಯ ಬೇಡಿಕೆ ಆಕಾಶದಿಂದ ಉದುರುವುದಿಲ್ಲ. ಒಂದೇ ಸಾಲಿನ ಹಳ್ಳಿರಸ್ತೆಯ ಡಾಂಬರಿನ ಅಗಲ 3.75 ಮೀಟರ್. ಹಳೆಯ ಮಾರುತಿ 800ರ ಅಗಲ ಒಂದೂವರೆ ಮೀಟರಿಗೂ ಕಡಿಮೆ. ಅಂಥ ಎರಡು ಕಾರುಗಳು ವೇಗ ತಗ್ಗಿಸಿ, ಒಬ್ಬರನ್ನೊಬ್ಬರು ನೋಡಿಕೊಂಡು ಆ ರಸ್ತೆಯಲ್ಲೇ ದಾಟಬಲ್ಲವು. ಈಗಿನ ಭಾರಿ ವಾಹನಗಳು ಎರಡು ಎದುರಾದರೆ ಡಾಂಬರು ಸಾಲದು. ಕಾರು ಬೆಳೆದಂತೆ ರಸ್ತೆ ಬೆಳೆಯಬೇಕು, ರಸ್ತೆ ಬೆಳೆಯಲು ಮರ ಬೀಳಬೇಕು. ರಸ್ತೆಗೆ ತಕ್ಕಂತೆ ಕಾರನ್ನು ಆರಿಸಿಕೊಳ್ಳುವ ಗೃಹಸ್ಥನೂ ಒಂದು ಬಗೆಯಲ್ಲಿ ಮರ ಉಳಿಸುವವನೇ.

ರಾಮದೇವರ ಬೆಟ್ಟದ ನಿವಾಸಿಗಳು

ಮಾಗಡಿಯಿಂದ ರಾಮನಗರಕ್ಕೆ ಇಳಿದರೆ ಎದುರಾಗುವುದು ರಾಮದೇವರ ಬೆಟ್ಟ. ದೇಶದ ಜನರಿಗೆ ಇದು ‘ಶೋಲೆ’ಯ ಬೆಟ್ಟ. 1973ರಲ್ಲಿ ಚಿತ್ರೀಕರಣ ಆರಂಭವಾಗಿ 1975ರ ಆಗಸ್ಟ್ 15ರಂದು ತೆರೆಕಂಡ ಆ ಚಿತ್ರಕ್ಕಾಗಿ ಇಲ್ಲೊಂದು ಇಡೀ ಊರನ್ನೇ ಕಟ್ಟಿದ್ದರು. ಹೆದ್ದಾರಿಯಿಂದ ಅಲ್ಲಿಗೆ ರಸ್ತೆಯನ್ನೂ ಮಾಡಿದ್ದರು. ಚಿತ್ರಕ್ಕೆ ಐವತ್ತು ತುಂಬಿತು. ಇಂದಿಗೂ ಕಾರಿನಿಂದಿಳಿದ ದಂಪತಿಗಳು ಮೊದಲು ಹುಡುಕುವುದು ಗಬ್ಬರ್ ಕೂತ ಬಂಡೆಯನ್ನೇ.

ಆ ಬಂಡೆಗಳ ಕಡಿದಾದ ಮುಖದಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. 2012ರಲ್ಲಿ ಸರ್ಕಾರ 346 ಹೆಕ್ಟೇರಿನಷ್ಟು ಪ್ರದೇಶವನ್ನು ರಣಹದ್ದು ಧಾಮವೆಂದು ಘೋಷಿಸಿತು. ರಣಹದ್ದಿಗೆಂದೇ ಮೀಸಲಾದ ಧಾಮ ಭಾರತದಲ್ಲಿ ಇದೇ ಮೊದಲು. ಘೋಷಣೆಯಾದಾಗಲೂ, ಆನಂತರವೂ ಅಲ್ಲಿ ಉಳಿದಿರುವ ಹದ್ದುಗಳು ಬೆರಳೆಣಿಕೆಯಷ್ಟೇ.

ಕಾರಣ ಬೆಟ್ಟದಲ್ಲಿಲ್ಲ, ದನದ ಕೊಟ್ಟಿಗೆಯಲ್ಲಿದೆ. ನೋವು, ಊತಕ್ಕೆಂದು ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ಔಷಧ ಸತ್ತ ದನದ ಮಾಂಸದಲ್ಲಿ ಉಳಿಯುತ್ತಿತ್ತು. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಡುತ್ತಿತ್ತು, ಯೂರಿಕ್ ಆಮ್ಲ ಒಳಾಂಗಗಳ ಮೇಲೆ ಬಿಳಿ ಪುಡಿಯಂತೆ ಕಟ್ಟಿಕೊಂಡು ಕೆಲವೇ ದಿನಗಳಲ್ಲಿ ಹಕ್ಕಿ ಸಾಯುತ್ತಿತ್ತು. 2004ರಲ್ಲಿ ವಿಜ್ಞಾನಿಗಳು ಈ ಸಂಬಂಧವನ್ನು ಸಾಬೀತುಪಡಿಸಿದರು. ಆ ಹೊತ್ತಿಗೆ ದೇಶದ ರಣಹದ್ದುಗಳ ಬಹುಪಾಲು ನಾಶವಾಗಿತ್ತು. ಬಿಳಿಬೆನ್ನಿನ ರಣಹದ್ದುಗಳಂತೂ 1992ರಿಂದ 2007ರ ಅವಧಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಕಣ್ಮರೆಯಾದವು. 2006ರಲ್ಲಿ ಪಶುಚಿಕಿತ್ಸೆಗೆ ಡೈಕ್ಲೋಫಿನಾಕ್ ನಿಷೇಧವಾಯಿತು. 2015ರಲ್ಲಿ ಮನುಷ್ಯರ ಬಳಕೆಯ ದೊಡ್ಡ ಸೀಸೆಗಳಿಗೂ ಕಡಿವಾಣ ಬಿತ್ತು. 2023ರಲ್ಲಿ ಕೀಟೋಪ್ರೋಫೆನ್, ಅಸಿಕ್ಲೋಫಿನಾಕ್‌ಗಳನ್ನು ಪಶುಚಿಕಿತ್ಸೆಯಲ್ಲಿ ನಿಷೇಧಿಸಲಾಯಿತು. ಹದ್ದಿಗೆ ಅಪಾಯವಿಲ್ಲದ ಮೆಲಾಕ್ಸಿಕಾಮ್ ಎಂಬ ಬದಲಿ ಔಷಧ ಪಶುವೈದ್ಯರ ಬಳಿ ಇದೆ.

ರಣಹದ್ದಿನ ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ದೊಡ್ಡದಾಗಿ ತಾನೇ ಗೂಡು ಕಟ್ಟಲು ಹಲವು ವರ್ಷ ಬೇಕು. ಹೀಗಿರುವಾಗ ಒಂದು ಗೂಡು ಕೆಟ್ಟರೆ ಒಂದು ವರ್ಷದ ಆಸೆಯೇ ಹೋದಂತೆ. ಚಳಿಗಾಲದ ತಿಂಗಳುಗಳಲ್ಲಿ, ಪ್ರವಾಸಿಗರಿಗೆ ಬೆಟ್ಟ ಹತ್ತಲು ಹಿತವೆನಿಸುವ ಕಾಲದಲ್ಲೇ, ಹದ್ದುಗಳೂ ಗೂಡಿನಲ್ಲಿರುತ್ತವೆ. ಬಂಡೆಯ ಕೆಳಗೆ ಕಾರಿನ ಬಾಗಿಲು ತೆರೆದಿಟ್ಟು ಹಾಕುವ ಹಾಡು, ಮೇಲೆ ಹಾರಿಬಿಡುವ ಡ್ರೋನು, ಮೊಟ್ಟೆಯ ಮೇಲೆ ಕುಳಿತ ತಾಯಿಗೆ ಶತ್ರುವೇ. ಇಬ್ಬರು ಮನುಷ್ಯರ ವಿಹಾರವೂ ಎರಡು ಹಕ್ಕಿಗಳ ಸಂಸಾರವೂ ಒಂದೇ ಬಂಡೆಯಲ್ಲಿ ನಡೆಯಬೇಕೆಂದರೆ ಮನುಷ್ಯರು ದನಿ ತಗ್ಗಿಸಬೇಕು.

ಚನ್ನಪಟ್ಟಣ: ದಾರಿ ತಪ್ಪಿದ ಊರು

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ರಾಮನಗರ, ಚನ್ನಪಟ್ಟಣಗಳನ್ನು ಪಕ್ಕಕ್ಕೆ ಬಿಟ್ಟು ಸುಮಾರು 22 ಕಿಲೋಮೀಟರ್ ಬಳಸಿ ಹೋಗುತ್ತದೆ. ಉದ್ಘಾಟನೆಗೂ ಮೊದಲೇ, 2022ರ ಆಗಸ್ಟಿನ ಮಳೆಯಲ್ಲಿ ರಾಮನಗರದ ಬಳಿ ಹೊಸ ರಸ್ತೆ ಹೊಳೆಯಾಯಿತು. ಕೆರೆಗಳು ಕೋಡಿ ಬಿದ್ದ ನೀರು ತನ್ನ ಹಳೆಯ ದಾರಿ ಹುಡುಕಿಕೊಂಡು ಬಂದಾಗ ಅಡ್ಡವಾಗಿ ಹೆದ್ದಾರಿಯ ದಿಬ್ಬ ನಿಂತಿತ್ತು. 2023ರ ಆಗಸ್ಟ್ 1ರಿಂದ ಆ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಒಂದು ಕಾಲದಲ್ಲಿ ಎತ್ತಿನ ಗಾಡಿ, ಸೈಕಲ್ಲು, ಪಾದಚಾರಿಗಳೆಲ್ಲ ಹಂಚಿಕೊಂಡಿದ್ದ ಮೈಸೂರು ರಸ್ತೆಯ ಜಾಗದಲ್ಲಿ ಈಗ ಪುಟ್ಟ ಕಾರೇ ಅತಿ ಸಣ್ಣ ವಾಹನ.

ಹಳೆಯ ರಸ್ತೆಯಲ್ಲಿ ಹೋಗುವ ಕಾರು ಚನ್ನಪಟ್ಟಣದಲ್ಲಿ ನಿಲ್ಲುತ್ತಿತ್ತು. ರಸ್ತೆಯ ಎರಡೂ ಬದಿ ಬಣ್ಣದ ಗೊಂಬೆಗಳ ಅಂಗಡಿ. ಆಲೆ ಮರದ ಹಗುರವಾದ ಬಿಳಿ ಕಟ್ಟಿಗೆಯನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತಿ, ತಾಳೆಗರಿಯಿಂದ ಉಜ್ಜಿ ಹೊಳಪು ತರುವ ಕಸುಬು ಇದು. ಭೌಗೋಳಿಕ ಸೂಚಕ ಮಾನ್ಯತೆಯೂ ಇದಕ್ಕಿದೆ. ಹೊಸ ಹೆದ್ದಾರಿ ಬಂದ ಮೇಲೆ ಗಿರಾಕಿಗಳ ಕಾರುಗಳು ಊರನ್ನು ಮುಟ್ಟದೆ ಹಾರಿಹೋಗುತ್ತಿವೆ. ಬಿಡದಿಯ ತಟ್ಟೆ ಇಡ್ಲಿಯ ಹೋಟೆಲುಗಳಿಗೂ ಇದೇ ಪೆಟ್ಟು. ಒಂದೂವರೆ ಗಂಟೆಯಲ್ಲಿ ಮೈಸೂರು ತಲುಪುವ ಸಂತೋಷದ ಬೆಲೆಯನ್ನು ಕಟ್ಟುತ್ತಿರುವವರು ಸುಂಕದ ಕಟ್ಟೆಯಲ್ಲಿ ಹಣ ಕೊಟ್ಟವರು ಮಾತ್ರವಲ್ಲ.

ಆದುದರಿಂದ ಪರಿಸರಕ್ಕೂ ಪ್ರವಾಸಕ್ಕೂ ಇರುವ ಸಂಬಂಧವನ್ನು ಬರಿ ನಿಷೇಧದ ಭಾಷೆಯಲ್ಲಿ ಹೇಳಿದರೆ ಸಾಲದು. ಹಳೆಯ ರಸ್ತೆಯಲ್ಲಿ ನಿಧಾನವಾಗಿ ಹೋಗುವ, ಊರಲ್ಲಿ ನಿಂತು ಇಡ್ಲಿ ತಿನ್ನುವ, ಮಗುವಿಗೊಂದು ಮರದ ಕಾರು ಕೊಳ್ಳುವ ಪ್ರವಾಸಿ ಆ ಸೀಮೆಗೆ ಬೇಕಾದವನು. ಪ್ಲಾಸ್ಟಿಕ್ ಗೊಂಬೆಯ ಜಾಗದಲ್ಲಿ ಅರಗಿನ ಗೊಂಬೆ ಮನೆಗೆ ಹೋದರೆ ಅದೂ ಪರಿಸರದ ಕೆಲಸವೇ. ಬೆಂಗಳೂರಿನಿಂದ ರಾಮನಗರಕ್ಕೂ ಚನ್ನಪಟ್ಟಣಕ್ಕೂ ರೈಲು ಇದೆ ಎಂಬುದನ್ನೂ ಮರೆಯಬಾರದು. ಒಂದು ಲೀಟರ್ ಪೆಟ್ರೋಲು ಉರಿದಾಗ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಲೀಟರಿಗೆ 18 ಕಿಲೋಮೀಟರ್ ಓಡುವ ಸಣ್ಣ ಕಾರು ಈ ನಾಲ್ಕು ತಾಲ್ಲೂಕುಗಳನ್ನು ಸುತ್ತಿ 250 ಕಿಲೋಮೀಟರ್ ಓಡಿದರೆ ಸುಮಾರು 32 ಕಿಲೋ ಆಯಿತು. ದೊಡ್ಡ ಕಾರಿಗೆ ಇದಕ್ಕಿಂತ ಹೆಚ್ಚು, ರೈಲಿನಲ್ಲಿ ಕುಳಿತವರಿಗೆ ಇದಕ್ಕಿಂತ ತೀರ ಕಡಿಮೆ.

ಕನಕಪುರದ ಎರಡು ನೀರು

ಕನಕಪುರದ ರಸ್ತೆಯಲ್ಲಿ ಕಾರಿನ ಜೊತೆಗೇ ಒಂದು ಹೊಳೆ ಎದುರು ದಿಕ್ಕಿನಲ್ಲಿ ಹರಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಏಕೆಂದರೆ ಅದು ಕೊಳವೆಯೊಳಗಿದೆ. ತೊರೆಕಾಡನಹಳ್ಳಿಯಿಂದ ಎತ್ತಿದ ಕಾವೇರಿ ಹಾರೋಹಳ್ಳಿ, ತಾತಗುಣಿಗಳ ಪಂಪುಗಳನ್ನು ಹಾದು ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಬೆಂಗಳೂರು ಸೇರುತ್ತದೆ. 2024ರ ಅಕ್ಟೋಬರಿನಲ್ಲಿ ಐದನೆಯ ಹಂತವೂ ಸೇರಿ ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚಿಗೆ ಏರತೊಡಗಿತು.

ಏರಿದ ನೀರು ಇಳಿಯಲೇಬೇಕು. ನಗರದ ಅಡುಗೆಮನೆ, ಬಚ್ಚಲುಮನೆ, ಕಾರ್ಖಾನೆಗಳನ್ನು ತೊಳೆದ ನೀರಿನ ಒಂದು ದೊಡ್ಡ ಪಾಲು ವೃಷಭಾವತಿಯಲ್ಲಿ ಹರಿದು ಬೈರಮಂಗಲದ ಕೆರೆಗೆ ಬಂದು, ಅಲ್ಲಿಂದ ಅರ್ಕಾವತಿ ಸೇರಿ, ಕನಕಪುರ ತಾಲ್ಲೂಕನ್ನು ಹಾದು ಸಂಗಮದಲ್ಲಿ ಮತ್ತೆ ಕಾವೇರಿಗೆ ಬೀಳುತ್ತದೆ. ಚುಂಚಿಯಲ್ಲಿ ಜಲಪಾತ ನೋಡಲು ನಿಂತ ಬೆಂಗಳೂರಿನ ದಂಪತಿ ನೋಡುತ್ತಿರುವುದು ಒಂದು ಬಗೆಯಲ್ಲಿ ತಮ್ಮ ಮನೆಯ ಬಚ್ಚಲ ನೀರನ್ನೇ. ನೊರೆ ಕಂಡರೆ ಅದನ್ನು ಹೊಳೆಯ ನಗೆಯೆಂದು ತಿಳಿಯಬಾರದು. ಆ ನೀರಿನಲ್ಲೇ ಬೈರಮಂಗಲದ ರೈತ ಬೆಳೆ ಬೆಳೆಯಬೇಕು, ಅವನ ದನ ಕುಡಿಯಬೇಕು.

ಸಂಗಮದ ಆಚೀಚೆ ಕಾವೇರಿ ವನ್ಯಜೀವಿ ಧಾಮ. 1987ರಲ್ಲಿ ಘೋಷಣೆಯಾಗಿ, 2013ರಲ್ಲಿ ವಿಸ್ತಾರಗೊಂಡು ಈಗ 1027 ಚದರ ಕಿಲೋಮೀಟರಿಗೂ ಹೆಚ್ಚಾಗಿದೆ. ಹೊಳೆದಂಡೆಯ ಮತ್ತಿಮರಗಳಲ್ಲಿ ಬೂದು ಬಣ್ಣದ ದೊಡ್ಡ ಅಳಿಲು, ಮಡುವಿನಲ್ಲಿ ನೀರುನಾಯಿ, ಕಾವೇರಿಯ ನೀರಿನಲ್ಲಲ್ಲದೆ ಲೋಕದಲ್ಲಿ ಬೇರೆಲ್ಲೂ ಇಲ್ಲದ ಡುಬ್ಬದ ಬೆನ್ನಿನ ಮಹಶೀರ್ ಮೀನು, ಎಲ್ಲಕ್ಕೂ ಇದೇ ನೆಲೆ. ಆನೆಗಳು ಇಲ್ಲಿಂದ ಹೊರಟು ಕಬ್ಬಾಳು, ತೆಂಗಿನಕಲ್ಲು ಕಾಡುಗಳ ಮೂಲಕ ಚನ್ನಪಟ್ಟಣದ ತೋಟಗಳವರೆಗೂ ಬರುತ್ತವೆ. ಬಾಳೆ, ಮಾವು, ಹಲಸು, ರಾಗಿ ಬೆಳೆದ ರೈತನ ವರ್ಷದ ದುಡಿಮೆ ಒಂದು ರಾತ್ರಿಯಲ್ಲಿ ಹೋಗುತ್ತದೆ. ಮನುಷ್ಯರ ಪ್ರಾಣವೂ ಹೋಗಿದೆ, ಆನೆಯ ಪ್ರಾಣವೂ ಹೋಗಿದೆ. ಈ ಸಂಕಟದ ನಡುವೆ ರಾತ್ರಿಯ ಹೊತ್ತು ಕಾಡಂಚಿನ ರಸ್ತೆಯಲ್ಲಿ ದೀಪ ಹಾಯಿಸುತ್ತ, ಆನೆ ಕಂಡರೆ ನಿಲ್ಲಿಸಿ ಚಿತ್ರ ತೆಗೆಯುವ ಕಾರು ಆನೆಯನ್ನು ಯಾರ ಹೊಲಕ್ಕೆ ಬೆದರಿಸಿ ಓಡಿಸುತ್ತದೆಂಬುದು ಕಾರಿನಲ್ಲಿದ್ದವರಿಗೆ ತಿಳಿಯುವುದೇ ಇಲ್ಲ.

ರಸ್ತೆ ಸಂಗಮದಲ್ಲಿ ಮುಗಿಯುತ್ತದೆ. ಮುಂದೆ ಮೇಕೆದಾಟು, ಹೊಳೆ ಬಂಡೆಯ ಇಕ್ಕಟ್ಟಿನಲ್ಲಿ ನುಗ್ಗುವ ಕಂದರ. 2019ರಲ್ಲಿ ರಾಜ್ಯ ಸಲ್ಲಿಸಿದ ಯೋಜನಾ ವರದಿಯ ಪ್ರಕಾರ ಇಲ್ಲಿ 67 ಟಿಎಂಸಿ ನೀರು ನಿಲ್ಲಿಸಲು ಅಣೆಕಟ್ಟೆ ಬರಬೇಕು. ಅದಕ್ಕೆ ಬೇಕಾದ ಭೂಮಿ 5 ಸಾವಿರ ಹೆಕ್ಟೇರಿಗೂ ಹೆಚ್ಚು, ಅದರ ಬಹುಪಾಲು ವನ್ಯಧಾಮ ಮತ್ತು ಮೀಸಲು ಅರಣ್ಯ. ಎರಡು ರಾಜ್ಯಗಳ ವ್ಯಾಜ್ಯದಲ್ಲಿ ಟಿಎಂಸಿಯ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಮುಳುಗುವ ಕಾಡಿನ ಪರವಾಗಿ ಮಾತನಾಡುವ ರಾಜ್ಯ ಯಾವುದೂ ಇಲ್ಲ. ತಿಪ್ಪಗೊಂಡನಹಳ್ಳಿಯನ್ನು ಉಳಿಸಿಕೊಳ್ಳದ, ಬೈರಮಂಗಲವನ್ನು ಶುದ್ಧಗೊಳಿಸದ ನಗರ ಮೂರನೆಯ ಹೊಳೆದಂಡೆಯನ್ನು ಕೇಳುವ ಮೊದಲು ಮೊದಲಿನ ಎರಡರ ಲೆಕ್ಕ ಒಪ್ಪಿಸಬೇಕೆಂದು ಕೇಳುವುದು ನಾಡದ್ರೋಹವಾಗಲಾರದು.

ಆಗಬೇಕಾದದ್ದು

ಕೊನೆಯದಾಗಿ, ಮಾಡಬಹುದಾದ ಕೆಲಸಗಳ ಮಾತು. ವಾಹನಗಳಿಗೆ ಮಿತಿ ಹಾಕುವುದು ಆಗದ ಕೆಲಸವಲ್ಲ. ಬಂಡೀಪುರದ ರಸ್ತೆಗಳು 2009ರಿಂದ ರಾತ್ರಿ ಮುಚ್ಚುತ್ತಿವೆ, 2010ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ನೀಲಗಿರಿ, ಕೊಡೈಕೆನಾಲುಗಳಿಗೆ ಹೋಗುವ ವಾಹನಗಳಿಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿನಿಂದ ಇ-ಪಾಸ್ ಬಂದಿದೆ. ಅಂಥದೇ ಎಚ್ಚರ ರಾಮದೇವರ ಬೆಟ್ಟಕ್ಕೂ ಸಾವನದುರ್ಗಕ್ಕೂ ಸಲ್ಲಬೇಕು. ಹದ್ದು ಗೂಡಿನಲ್ಲಿರುವ ತಿಂಗಳುಗಳಲ್ಲಿ ಬಂಡೆಯ ಬುಡಕ್ಕೆ ಕಾರು ಹೋಗಕೂಡದು. ಪೇಟೆಯಿಂದ ಬೆಟ್ಟದ ತಪ್ಪಲಿಗೆ ಸರ್ಕಾರಿ ಬಸ್ಸು ಓಡಬೇಕು. ನಿಲುಗಡೆಯ ಹಣ ಗ್ರಾಮ ಪಂಚಾಯ್ತಿಗೆ ಸೇರಿ, ಕಸ ಎತ್ತುವ ಕೆಲಸಕ್ಕೆ ಬಳಕೆಯಾಗಬೇಕು.

ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ 1976ರಲ್ಲೇ ಬಂದಿದೆ. ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಪ್ರತಿ ಗ್ರಾಮದಲ್ಲೂ ಸಾಲುಮರಗಳನ್ನು ಎಣಿಸಿ, ಜಾತಿ, ಸುತ್ತಳತೆ, ಜಾಗ ಬರೆದಿಟ್ಟ ಒಂದು ಪುಸ್ತಕ ಪಂಚಾಯ್ತಿಯಲ್ಲಿದ್ದರೆ, ರಸ್ತೆ ಅಗಲೀಕರಣದ ಕಡತ ಬಂದ ದಿನ ಆ ಪುಸ್ತಕ ಎದುರು ನಿಲ್ಲಬಲ್ಲದು. ಶಾಲಾ ಮಕ್ಕಳು ಒಂದು ವಾರದಲ್ಲಿ ಮಾಡಬಹುದಾದ ಕೆಲಸ ಇದು. ಹುಲಿಕಲ್–ಕುದೂರು ರಸ್ತೆಯಿಂದಲೇ ಇದು ಆರಂಭವಾಗಲಿ. ಡಾಂಬರನ್ನು ಮರದ ಬುಡದವರೆಗೂ ಎಳೆಯದೆ ಬೇರಿಗೆ ನೀರಿಳಿಯುವಷ್ಟು ಮಣ್ಣು ಬಿಡುವುದು, ಕಾಂಡಕ್ಕೆ ಮೊಳೆ ಹೊಡೆದು ಫಲಕ ತೂಗುಹಾಕದಿರುವುದು, ಸತ್ತ ಮರದ ಜಾಗದಲ್ಲಿ ಹೊಸ ಆಲ ನೆಟ್ಟು ಮೂರು ಬೇಸಿಗೆ ನೀರೆರೆಯುವುದು, ಇವಿಷ್ಟಕ್ಕೆ ದೊಡ್ಡ ಅನುದಾನ ಬೇಕಿಲ್ಲ.

ದನ ಸಾಕುವವರ ಬಳಿ ಹೋಗಿ ಮೆಲಾಕ್ಸಿಕಾಮಿನ ವಿಷಯ ತಿಳಿಸುವುದು ಬೆಟ್ಟದ ಬುಡದಲ್ಲಿ ಫಲಕ ನೆಡುವುದಕ್ಕಿಂತ ಹೆಚ್ಚು ಉಪಯುಕ್ತ. ಈ ಕೆಲಸ ಮಲೆನಾಡಿನ ಬೆಟ್ಟಗಳಿಗೂ ಸಲ್ಲುತ್ತದೆ. ರಾಮನಗರಕ್ಕೆ ಇಂದು ಬಂದ ಕಾರುಗಳು ನಾಳೆ ಇನ್ನಷ್ಟು ಅಗಲವಾದ ರಸ್ತೆಯಲ್ಲಿ ಘಟ್ಟದ ತುದಿಗೂ ಬರುತ್ತವೆ.

ಕಾರು ಓಡಿಸುವವರು ಬಲ್ಲ ಒಂದು ನಿಯಮವನ್ನು ನೆನಪಿಸಿ ಮಾತು ಮುಗಿಸುವುದು ಯೋಗ್ಯ. ಕಡಿದಾದ ಇಕ್ಕಟ್ಟು ರಸ್ತೆಯಲ್ಲಿ ಇಳಿಯುವ ವಾಹನ ನಿಂತು, ಏರುವ ವಾಹನಕ್ಕೆ ದಾರಿ ಬಿಡಬೇಕು. ಮೋಟಾರು ವಾಹನ ಕಾನೂನಿನ ನಿಬಂಧನೆ ಇದು. ಭಾರ ಹೊತ್ತು ಏರುವವನು ಒಮ್ಮೆ ನಿಂತರೆ ಮತ್ತೆ ಹೊರಡುವುದು ಕಷ್ಟ, ಇಳಿಯುವವನಿಗೆ ನಿಂತರೂ ನಷ್ಟವಿಲ್ಲ ಎಂಬುದೇ ಇದರ ತರ್ಕ. ವರ್ಷಕ್ಕೊಂದು ಮೊಟ್ಟೆಯಿಡುವ ಹದ್ದು, ಬೇಸಿಗೆಯಲ್ಲಿ ಬೇರೂರುವ ಸಸಿ, ರಾಗಿ ಹೊಲ ಕಾಯುವ ರೈತ, ಇವರೆಲ್ಲ ಏರುದಾರಿಯಲ್ಲಿರುವವರು. ವಿಹಾರಕ್ಕೆ ಬಂದವರು ಒಂದು ಕ್ಷಣ ನಿಂತು ಅವರಿಗೆ ದಾರಿ ಬಿಟ್ಟರೆ ಸಾಕು.